ನಿಮ್ಮ ಫೋನು ಯಾರ ಜೊತೆ ಗಂಟು ಬಿದ್ದಿದೆ?

(ಹುಬ್ಬಳ್ಳಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ವರದಕ್ಷಿಣೆ, ಹೊಡೆತ-ಬಡಿತದ ಬಗ್ಗೆ ಮಾತಾಡುವ ವೇದಿಕೆಯಲ್ಲಿ ಫಿಜಿಕ್ಸ್ ಕಲಿಸಿದವಳಿಗೆ ಏನು ಕೆಲಸ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನನಗೆ ಇಂದು ಕೊಟ್ಟ ವಿಷಯ ಬ್ಲೂಟೂತ್. ಈ ಹೆಸರು ನಮ್ಮ ಕಡೆ ಜೋರಾಗಿ ಕೇಳಿಬಂದದ್ದು ಪರೀಕ್ಷೆ ಹಗರಣಗಳಲ್ಲಿ. ೨೦೨೧ರ ಅಕ್ಟೋಬರ್ ೩ರಂದು ೫೪೫ ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಆಮೇಲೆ ೨೦೨೩ರ ಅಕ್ಟೋಬರ್‌ನಲ್ಲಿ ಕೆಇಎ ಪರೀಕ್ಷೆ. ಕಲಬುರಗಿ, ಯಾದಗಿರಿ ಕಡೆ ಕಿವಿಯಲ್ಲಿ ಬ್ಲೂಟೂತ್ ಅಡಗಿಸಿ ಹೊರಗಿನಿಂದ ಉತ್ತರ ಕೇಳಿ ಬರೆದರೆಂದು ಕೇಸುಗಳಾದವು. ಅಂದಿನಿಂದ ಬ್ಲೂಟೂತ್ ಎಂದರೆ ಕಾಪಿ ಹೊಡೆಯುವ ಸಾಮಾನು ಎಂದೇ ಎಷ್ಟೋ ಜನರ ತಿಳಿವಳಿಕೆ. ಆ ಹುಡುಗರು ಬ್ಲೂಟೂತನ್ನು ಮುರಿಯಲಿಲ್ಲ, ಅದನ್ನು ಬಳಸಿಕೊಂಡರು, ಅಷ್ಟೆ. ನಾನು ಹೇಳಬೇಕಾದದ್ದು ಬೇರೆ. ಅದೇ ಬ್ಲೂಟೂತ್ ನಿಮ್ಮ ಸೆರಗಿನಲ್ಲಿ, ಪರ್ಸಿನಲ್ಲಿ, ದಿಂಬಿನ ಕೆಳಗೆ ಇದೆ. ಅದು ಯಾರ ಜೊತೆ ಗಂಟು ಬಿದ್ದಿದೆ ಎಂಬುದನ್ನು ನಾವು ಒಮ್ಮೆಯೂ ನೋಡಿಲ್ಲ.

ಒಂದು ಹಳೆಯ ಸಂಗತಿ ನೆನಪು ಮಾಡಿಕೊಡುತ್ತೇನೆ. ವಯಸ್ಸಾದವರಿಗೆ ಇಂಗ್ಲೆಂಡ್ ಲೆಟರ್ ನೆನಪಿದೆಯಲ್ಲ? ಅದರ ಸರಿಯಾದ ಹೆಸರು ಇನ್‌ಲ್ಯಾಂಡ್ ಲೆಟರ್, ನಮ್ಮ ಹಳ್ಳಿಗಳ ಬಾಯಲ್ಲಿ ಇಂಗ್ಲೆಂಡ್ ಆಯಿತು. ಗಂಡನ ಮನೆಯಿಂದ ಮಗಳು ತವರಿಗೆ ಬರೆದ ಆ ನೀಲಿ ಕಾಗದಗಳು ಎಷ್ಟೋ ವರದಕ್ಷಿಣೆ ಸಾವಿನ ಮೊಕದ್ದಮೆಗಳಲ್ಲಿ ಸಾಕ್ಷಿಯಾಗಿ ನಿಂತಿವೆ. ಅತ್ತೆ ಮನೆಯವರಿಗೂ ಇದು ಗೊತ್ತಿತ್ತು. ಅದಕ್ಕೇ ಎಷ್ಟೋ ಮನೆಗಳಲ್ಲಿ ಸೊಸೆಯ ಟಪಾಲನ್ನು ಒಡೆದು ಓದಿಯೇ ಕಳಿಸುತ್ತಿದ್ದರು. ಆಮೇಲೆ ಎಸ್‌ಟಿಡಿ ಬೂತುಗಳು ಬಂದವು. ಸಂತೆಗೆಂದು ಹೋದ ಹೆಣ್ಣುಮಗಳು ಬೂತಿನ ಗಾಜಿನ ಬಾಗಿಲು ಹಾಕಿಕೊಂಡು ಮೂರು ನಿಮಿಷ ತವರಿಗೆ ಮಾತಾಡಿ, ಕಣ್ಣು ಒರೆಸಿಕೊಂಡು, ಕೊತ್ತಂಬರಿ ಕೊಂಡು ಮನೆಗೆ ಬರುತ್ತಿದ್ದಳು. ಆ ಗಾಜಿನ ಗೂಡು ನಮ್ಮ ಹೆಣ್ಣುಮಕ್ಕಳಿಗೆ ಎಷ್ಟು ಉಪಕಾರ ಮಾಡಿದೆ ಎಂದು ಯಾರೂ ಬರೆದಿಟ್ಟಿಲ್ಲ, ಬರೆಯಬೇಕು. ಈಗ ಕೈಯಲ್ಲೇ ಫೋನಿದೆ. ತವರಿನ ದಾರಿ ಸಲೀಸಾಯಿತು ಎಂದುಕೊಂಡಿದ್ದೇವೆ. ಟಪಾಲು ಒಡೆಯುವ ಕೈ ಎಲ್ಲಿಗೂ ಹೋಗಿಲ್ಲ, ಅದು ಒಡೆಯುವ ರೀತಿ ಬದಲಾಗಿದೆ.

ಬ್ಲೂಟೂತ್ ಅಂದರೇನು? ವೈರಿಲ್ಲದೆ ಹತ್ತಿರದ ಎರಡು ಯಂತ್ರಗಳು ಮಾತಾಡುವ ಒಂದು ಬಗೆಯ ರೇಡಿಯೋ. ಎರಿಕ್ಸನ್, ಐಬಿಎಂ, ಇಂಟೆಲ್, ನೋಕಿಯಾ, ತೋಶಿಬಾ ಎಂಬ ಐದು ಕಂಪನಿಗಳು ೧೯೯೮ರಲ್ಲಿ ಕೂಟ ಕಟ್ಟಿಕೊಂಡು ಇದನ್ನು ತಂದವು. ಸಾವಿರ ವರ್ಷದ ಹಿಂದೆ ಡೆನ್ಮಾರ್ಕ್ ಆಳಿದ, ನೀಲಿ ಹಲ್ಲಿನವನು ಎಂಬ ಅಡ್ಡಹೆಸರಿನ ಹರಾಲ್ಡ್ ಎಂಬ ರಾಜನ ಹೆಸರು ಇದಕ್ಕೆ ಬಂತು. ಸಾಮಾನ್ಯ ಫೋನಿನಲ್ಲಿ ಇದರ ಅಳವು ಹತ್ತು ಮೀಟರ್ ಆಸುಪಾಸು. ನಮ್ಮ ಓಣಿಯ ಲೆಕ್ಕದಲ್ಲಿ ಹೇಳುವುದಾದರೆ ಅಡಿಗೆಮನೆಯಿಂದ ಪಡಸಾಲೆ, ಪಡಸಾಲೆಯಿಂದ ಪಕ್ಕದ ಮನೆಯ ಕಟ್ಟೆ. ಒಳ್ಳೆಯ ಆಂಟೆನಾ ಇದ್ದವರು ಇನ್ನೂ ದೂರದಿಂದ ಕೇಳಿಸಿಕೊಳ್ಳಬಲ್ಲರು.

ರೇಡಿಯೋ ಅಲೆಗೆ ಗೋಡೆ ಲೆಕ್ಕಕ್ಕಿಲ್ಲ, ಯಾರು ಬೇಕಾದರೂ ಕೇಳಬಹುದು. ಹಾಗಾಗಿ ಎರಡು ಯಂತ್ರಗಳು ಮೊದಲ ಬಾರಿ ಭೇಟಿಯಾದಾಗ ತಮ್ಮಿಬ್ಬರಿಗೇ ಗೊತ್ತಿರುವ ಒಂದು ಗುಟ್ಟಿನ ಕೀಲಿ ಮಾಡಿಕೊಳ್ಳುತ್ತವೆ. ಇದಕ್ಕೆ ಪೇರಿಂಗ್ ಎನ್ನುತ್ತಾರೆ, ಜೋಡಿ ಮಾಡುವುದು. ಒಮ್ಮೆ ಜೋಡಿಯಾದರೆ ಎರಡೂ ಆ ಕೀಲಿಯನ್ನು ತಮ್ಮ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತವೆ. ಮುಂದಿನ ಸಲ ಹತ್ತಿರ ಬಂದರೆ ಸಾಕು, ನಿಮ್ಮನ್ನು ಕೇಳದೆ ತಾವೇ ಕೂಡಿಕೊಳ್ಳುತ್ತವೆ. ಸಂಬಂಧ ಕೂಡಿಸುವಾಗ ಒಂದೇ ದಿನ ವಿಚಾರಣೆ, ಆಮೇಲೆ ಜನ್ಮವಿಡೀ ಯಾರೂ ಏನೂ ಕೇಳುವುದಿಲ್ಲ. ಈ ಪದ್ಧತಿ ನಮಗೇನು ಹೊಸದಲ್ಲ!

ತೊಂದರೆ ಇರುವುದು ಆ ಮೊದಲ ಭೇಟಿಯಲ್ಲೇ. ನನಗೆ ಕೈ ಚಾಚಿದವರು ಯಾರು ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ನೀವು ವಧುದಕ್ಷಿಣೆ, ವರದಕ್ಷಿಣೆ ಮಾತುಕತೆ ಕಂಡವರು, ನಿಮಗೆ ಬೇಗ ತಿಳಿಯುತ್ತದೆ. ಸಂಬಂಧ ಕುದುರಿಸುವ ಮಧ್ಯಸ್ಥ ಒಬ್ಬನಿದ್ದಾನೆ. ಹೆಣ್ಣಿನ ಕಡೆಗೆ ಬಂದು "ಅವರು ಐದು ತೊಲಿ ಕೇಳ್ಯಾರ" ಎನ್ನುತ್ತಾನೆ. ಗಂಡಿನ ಕಡೆಗೆ ಹೋಗಿ "ಮೂರು ತೊಲಿ ಕೊಡ್ತಾರಂತ" ಎನ್ನುತ್ತಾನೆ. ಎರಡೂ ಕಡೆಯವರು ತಾವು ಬೀಗರ ಜೊತೆಗೇ ಮಾತಾಡುತ್ತಿದ್ದೇವೆ ಎಂದು ನಂಬಿದ್ದಾರೆ. ನಿಜವಾಗಿ ಮಾತಾಡುತ್ತಿರುವುದು ನಡುವಿನವನ ಜೊತೆ. ಬ್ಲೂಟೂತ್‌ನಲ್ಲಿ ಕೂಡ ಹೀಗೆ ನಡುವೆ ಒಬ್ಬ ಯಂತ್ರ ಹಿಡಿದು ಕೂತು ಎರಡೂ ಕಡೆ ನಾನೇ ಆತ ಎಂದು ಹೇಳಬಹುದು.

ಇದಕ್ಕೆ ಮದ್ದೂ ಇದೆ. ಎರಡು ಫೋನು ಜೋಡಿ ಮಾಡುವಾಗ ಎರಡರ ಪರದೆಯ ಮೇಲೂ ಆರು ಅಂಕಿ ಬರುತ್ತವೆ. ಎರಡೂ ಒಂದೇ ಇದೆಯೇ ಎಂದು ಕೇಳುತ್ತದೆ. ಬೀಗರನ್ನು ಎದುರಿಗೇ ಕೂರಿಸಿ ಬಾಯಿಬಿಟ್ಟು ಕೇಳಿದ ಹಾಗೆ. ನಡುವೆ ಮಧ್ಯಸ್ಥನಿದ್ದರೆ ಅಂಕಿಗಳು ಬೇರೆ ಬೇರೆ ಬರುತ್ತವೆ. ನಾವು ಏನು ಮಾಡುತ್ತೇವೆ? ಅಂಕಿ ನೋಡದೆ ಓಕೆ ಒತ್ತುತ್ತೇವೆ. ಇನ್ನು ಕಿವಿಗೆ ಹಾಕುವ ಇಯರ್‌ಫೋನಿಗೆ, ಸ್ಪೀಕರಿಗೆ ಪರದೆಯೇ ಇಲ್ಲ, ಅಂಕಿ ತೋರಿಸುವುದೆಲ್ಲಿ? ಅಂಥವುಗಳಿಗೆ ೨೦೦೭ರಲ್ಲಿ ಬಂದ ಪದ್ಧತಿಯಲ್ಲಿ ವಿಚಾರಣೆಯೇ ಇಲ್ಲದ ಒಂದು ದಾರಿ ಇಟ್ಟರು. ಅದಕ್ಕೆ ಅವರು ಕೊಟ್ಟ ಹೆಸರು ಜಸ್ಟ್ ವರ್ಕ್ಸ್, ಸುಮ್ಮನೆ ಕೆಲಸ ಮಾಡುತ್ತದೆ! ಯಾರ ಜೊತೆ ಎಂದು ಮಾತ್ರ ಕೇಳಬೇಡಿ.

ಅದಕ್ಕೂ ಮೊದಲು ನಾಲ್ಕಂಕಿಯ ಪಿನ್ ಇತ್ತು. ೨೦೦೫ರಲ್ಲಿ ಶಾಕೆಡ್ ಮತ್ತು ವೂಲ್ ಎಂಬ ಇಸ್ರೇಲಿನ ಇಬ್ಬರು ಸಂಶೋಧಕರು, ಜೋಡಿಯಾಗುವ ಹೊತ್ತಿನ ಮಾತುಕತೆಯನ್ನು ಕದ್ದು ಕೇಳಿದರೆ ಹಳೆಯ ಪೆಂಟಿಯಂ ಕಂಪ್ಯೂಟರೊಂದು ಆ ಪಿನ್ನನ್ನು ಅರೆ ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಕಂಡುಹಿಡಿಯುತ್ತದೆ ಎಂದು ತೋರಿಸಿದರು. ನಾಲ್ಕಂಕಿ ಅಂದರೆ ಹತ್ತು ಸಾವಿರ ಸಾಧ್ಯತೆ, ಕಂಪ್ಯೂಟರಿಗೆ ಅದು ಯಾವ ಲೆಕ್ಕ? ಅವರು ಇನ್ನೊಂದು ಮಾತೂ ಹೇಳಿದರು. ಆಗಲೇ ಜೋಡಿಯಾದ ಯಂತ್ರಗಳು ಹಳೆಯ ಕೀಲಿ ಮರೆತಂತೆ ಮಾಡಿ ಮತ್ತೊಮ್ಮೆ ಜೋಡಿ ಮಾಡಿಸಬಹುದು, ಆಗ ಕದ್ದು ಕೇಳಬಹುದು. ಹಾಗಾಗಿ ಬಸ್‌ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ ನಿಂತಾಗ, ದಿನಾ ಬಳಸುವ ಸಾಧನ ಇದ್ದಕ್ಕಿದ್ದಂತೆ ಮತ್ತೆ ಜೋಡಿ ಮಾಡು ಎಂದು ಕೇಳಿದರೆ ಒತ್ತಬೇಡಿ. ಮನೆಗೆ ಬಂದು ನೋಡಿ.

ನಿಮ್ಮಲ್ಲಿ ಬಿ.ಸಿ. ಸಖಿಯರಾಗಿ ಕೆಲಸ ಮಾಡುವವರು ಇದ್ದೀರಿ. ರಸೀದಿ ಕೊಡುವ ಆ ಪುಟ್ಟ ಬ್ಲೂಟೂತ್ ಪ್ರಿಂಟರುಗಳಲ್ಲಿ ಎಷ್ಟೋ ಇಂದಿಗೂ ೦೦೦೦ ಅಥವಾ ೧೨೩೪ ಎಂಬ ಪಿನ್ ಇಟ್ಟುಕೊಂಡೇ ಬರುತ್ತವೆ. ಇದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲೆ ಇಟ್ಟ ಹಾಗೆ. ಅಂಥ ಪ್ರಿಂಟರಿಗೆ ಹತ್ತಿರದ ಬೇರೆ ಫೋನಿನಿಂದಲೂ ಚೀಟಿ ಮುದ್ರಿಸಬಹುದು. ಸಂಘದ ಲೆಕ್ಕದಲ್ಲಿ ಚೀಟಿಯನ್ನು ಕೊನೆಯ ಸಾಕ್ಷಿ ಎಂದು ಹಿಡಿಯಬೇಡಿ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬಿದ್ದದ್ದೇ ಲೆಕ್ಕ. ಮನೆ ಬಾಗಿಲಿಗೆ ಸಾಲ ವಸೂಲಿಗೆ ಬರುವವರು ಸೊಂಟಕ್ಕೆ ಸಿಕ್ಕಿಸಿಕೊಂಡ ಪ್ರಿಂಟರಿಗೂ ಇದೇ ಮಾತು.

ಇನ್ನು ದೊಡ್ಡ ದೊಡ್ಡ ಸಂಶೋಧನೆಗಳು ಬಹಳ ಆಗಿವೆ, ಎಲ್ಲವನ್ನೂ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಮೂರು ಮಾತ್ರ ಹೇಳುತ್ತೇನೆ.

೨೦೧೯ರಲ್ಲಿ ಆಂಟೊನಿಯೋಲಿ ಮತ್ತು ಇಬ್ಬರು ಸಂಗಡಿಗರು ನಾಬ್ ಎಂಬ ದೋಷ ಬಯಲು ಮಾಡಿದರು. ಕೀಲಿ ಎಷ್ಟು ಉದ್ದ ಇರಬೇಕು ಎಂದು ಎರಡು ಯಂತ್ರಗಳು ಮಾತು ಶುರುವಾಗುವಾಗ ಚೌಕಾಸಿ ಮಾಡಿಕೊಳ್ಳುತ್ತವೆ. ಆ ಚೌಕಾಸಿಗೆ ಕಾವಲಿರಲಿಲ್ಲ. ನಡುವಿನವನು ಹದಿನಾರು ಬೈಟಿನ ಕೀಲಿಯನ್ನು ಒಂದು ಬೈಟಿಗೆ ಇಳಿಸಬಹುದಿತ್ತು. ಒಂದು ಬೈಟ್ ಅಂದರೆ ಬರೀ ೨೫೬ ಕೀಲಿಗಳು, ಒಂದೊಂದಾಗಿ ಹಾಕಿ ನೋಡಿದರೂ ಬೀಗ ತೆರೆಯುತ್ತದೆ. ತಪ್ಪು ಯಾವುದೋ ಒಂದು ಕಂಪನಿಯದಲ್ಲ, ಎಲ್ಲರೂ ಓದಿ ಪಾಲಿಸಬೇಕಾದ ನಿಯಮದ ಪುಸ್ತಕದಲ್ಲೇ ಇತ್ತು. ಆಮೇಲೆ ಕನಿಷ್ಠ ಏಳು ಬೈಟ್ ಇರಲಿ ಎಂದು ತಿದ್ದಿದರು.

ಎರಡನೆಯದು ನಮಗೆ ಹೆಚ್ಚು ಹತ್ತಿರದ್ದು. ೨೦೨೩ರ ಡಿಸೆಂಬರಿನಲ್ಲಿ ಮಾರ್ಕ್ ನ್ಯೂಲಿನ್ ಎಂಬವರು ತೋರಿಸಿದ್ದು ಇದು. ಬ್ಲೂಟೂತ್ ಆನ್ ಇರುವ ಆಂಡ್ರಾಯ್ಡ್ ಫೋನಿಗೆ, ಹತ್ತಿರ ಇರುವವನು ತಾನೊಂದು ಕೀಬೋರ್ಡು ಎಂದು ಸುಳ್ಳು ಹೇಳಿ, ಫೋನಿನ ಒಡತಿ ಒಪ್ಪಿಗೆ ಕೊಡದೆಯೇ ಜೋಡಿಯಾಗಿ, ಆಕೆಯೇ ಟೈಪ್ ಮಾಡಿದಂತೆ ಅಕ್ಷರ ಒತ್ತಬಹುದು. ಆಂಡ್ರಾಯ್ಡ್ ೧೧ರಿಂದ ೧೪ರವರೆಗಿನ ಫೋನುಗಳಿಗೆ ಗೂಗಲ್ ಅದೇ ತಿಂಗಳು ರಿಪೇರಿ ಕಳಿಸಿತು. ೧೦ ಮತ್ತು ಅದಕ್ಕಿಂತ ಹಳೆಯವಕ್ಕೆ ಕಳಿಸಲಿಲ್ಲ. ಈಗ ನನಗೆ ಹೇಳಿ, ನಮ್ಮ ಮನೆಗಳಲ್ಲಿ ಹಳೆಯ ಫೋನು ಯಾರ ಕೈಯಲ್ಲಿರುತ್ತದೆ? ಗಂಡ ಹೊಸದು ಕೊಂಡಾಗ, ಮಗ ಹೊಸದು ಕೊಂಡಾಗ, ಅವರ ಹಳೆಯದು ನಮಗೆ. ಉಳಿದ ಅನ್ನ ಕೊನೆಗೆ ಉಣ್ಣುವುದು ನಾವು, ರಿಪೇರಿ ಇಲ್ಲದ ಫೋನು ಹಿಡಿಯುವುದೂ ನಾವೇ. ವಿಜ್ಞಾನಕ್ಕೆ ಲಿಂಗಭೇದವಿಲ್ಲ ಎಂದು ತರಗತಿಯಲ್ಲಿ ನಾನೂ ಹೇಳುತ್ತಿದ್ದೆ. ವಿಜ್ಞಾನಕ್ಕೆ ಇಲ್ಲ, ಅದರ ಸಾಮಾನು ಹಂಚುವ ಮನೆಗೆ ಇದೆ. ಅಂಥ ಹಳೆಯ ಫೋನು ಇರುವವರು ಬೇಡದ ಹೊತ್ತಿನಲ್ಲಿ ಬ್ಲೂಟೂತ್ ಆಫ್ ಇಡಬೇಕು. ಆಫ್ ಇದ್ದರೆ ಈ ಬಾಗಿಲು ಮುಚ್ಚಿದ ಹಾಗೇ.

ಮೂರನೆಯದು ತೀರಾ ಇತ್ತೀಚಿನದು. ೨೦೨೬ರ ಜನವರಿಯಲ್ಲಿ ಬೆಲ್ಜಿಯಂ ದೇಶದ ಲ್ಯೂವೆನ್ ವಿಶ್ವವಿದ್ಯಾಲಯದವರು ವಿಸ್ಪರ್‌ಪೇರ್ ಎಂಬ ದೋಷ ಪ್ರಕಟಿಸಿದರು. ಇಯರ್‌ಫೋನನ್ನು ಒಂದೇ ಒತ್ತಿಗೆ ಜೋಡಿ ಮಾಡಲು ಗೂಗಲ್‌ನ ಫಾಸ್ಟ್ ಪೇರ್ ಎಂಬ ಸೌಲಭ್ಯವಿದೆ. ಜೋಡಿಯಾಗುವ ಗುಂಡಿ ಒತ್ತದೇ ಇದ್ದರೆ ಹೊಸಬರನ್ನು ಒಳಗೆ ಬಿಡಬಾರದು ಎಂಬುದು ನಿಯಮ. ಎಷ್ಟೋ ಹೆಸರಾಂತ ಕಂಪನಿಗಳ ಇಯರ್‌ಫೋನುಗಳು ಅದನ್ನು ನೋಡುತ್ತಲೇ ಇರಲಿಲ್ಲ. ಹದಿನಾಲ್ಕು ಮೀಟರಿನಷ್ಟು ದೂರದಿಂದ, ಕೆಲವೇ ಸೆಕೆಂಡುಗಳಲ್ಲಿ, ಬೇರೆಯವರು ಅದಕ್ಕೆ ಜೋಡಿಯಾಗಿ ಅದರ ಮೈಕಿನಿಂದ ಕೇಳಿಸಿಕೊಳ್ಳಬಹುದಿತ್ತು. ಇನ್ನೂ ಕೆಟ್ಟದ್ದೆಂದರೆ, ಆ ಇಯರ್‌ಫೋನು ಹಿಂದೆ ಯಾವ ಆಂಡ್ರಾಯ್ಡ್ ಫೋನಿಗೂ ಜೋಡಿಯಾಗಿರದಿದ್ದರೆ, ಕೆಲವು ಮಾದರಿಗಳಲ್ಲಿ ಅವನು ಅದನ್ನು ತನ್ನದೆಂದು ದಾಖಲಿಸಿ, ಅದು ಹೋದಲ್ಲೆಲ್ಲ ನಕ್ಷೆಯಲ್ಲಿ ನೋಡಬಹುದಿತ್ತು. ಇದಕ್ಕೆ ರಿಪೇರಿ ಬರುವುದು ಫೋನಿಗಲ್ಲ, ಇಯರ್‌ಫೋನಿಗೆ. ಅದನ್ನು ಆ ಕಂಪನಿಯ ಆ್ಯಪ್ ಹಾಕಿಕೊಂಡು ಪಡೆಯಬೇಕು. ಕೊಪ್ಪೀಕರ ರಸ್ತೆಯಲ್ಲಿ ಕೊಂಡ ಇಯರ್‌ಫೋನಿಗೂ ಅಪ್‌ಡೇಟ್ ಇರುತ್ತದೆ ಎಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಇವನ್ನೆಲ್ಲ ಕೇಳಿ ನೀವು ಹೊರಗೆ ಮರೆಯಲ್ಲಿ ನಿಂತ ಯಾವನೋ ಕಳ್ಳನನ್ನು ನೆನೆಸಿಕೊಳ್ಳುತ್ತಿದ್ದೀರಿ. ಅಂಥವರು ಇಲ್ಲವೆಂದಲ್ಲ. ಆದರೆ ನಮ್ಮ ಹತ್ತಿರ ಸಹಾಯ ಕೇಳಿಕೊಂಡು ಬರುವ ಹೆಣ್ಣುಮಕ್ಕಳ ಕಥೆಯಲ್ಲಿ ಆ ಕಳ್ಳ ಬರುವುದು ಅಪರೂಪ. ಅಲ್ಲಿ ಯಾರೂ ಕೀಲಿ ಒಡೆದಿರುವುದಿಲ್ಲ.

ನನಗೆ ಗೊತ್ತಿರುವ ಒಬ್ಬ ಹುಡುಗಿಯ ಸಂಗತಿ ಹೇಳುತ್ತೇನೆ. ಊರು, ಹೆಸರು ಬೇಡ. ಮದುವೆಯಾಗಿ ಎರಡು ವರ್ಷ. ಉಳಿದ ಎರಡು ತೊಲಿ ಬಂಗಾರಕ್ಕಾಗಿ ಕಾಟ ನಡೆದಿತ್ತು. ಒಂದು ಮಧ್ಯಾಹ್ನ ಸಂಡಿಗೆ ಒಣಹಾಕುವ ನೆವದಲ್ಲಿ ಮಾಳಿಗೆಗೆ ಹೋಗಿ ಅವ್ವನಿಗೆ ಫೋನು ಹಚ್ಚಿದಳು. ಆಚೆ ಎತ್ತಿದರು, ಆದರೆ ಈಕೆಯ ಕಿವಿಗೆ ಏನೂ ಕೇಳಿಸಲಿಲ್ಲ. "ಅವ್ವಾ, ಅವ್ವಾ, ಕೇಳಸವಲ್ತು" ಎಂದು ಕೂಗುತ್ತಾಳೆ. ಕೆಳಗೆ ಪಡಸಾಲೆಯಲ್ಲಿ ಗಂಡ ಸೀರಿಯಲ್ಲಿಗೆಂದು ತಂದಿಟ್ಟ ದೊಡ್ಡ ಸ್ಪೀಕರನ್ನು ಅತ್ತೆ ಆಗಷ್ಟೇ ಚಾಲೂ ಮಾಡಿದ್ದಳು. ಅವ್ವನ ಧ್ವನಿ ಅದರಲ್ಲಿ ಬಂತು. "ಮತ್ತ ಹೊಡದ್ರೇನು ಅವ್ವಿ? ಅಳಬ್ಯಾಡ. ಬಂಗಾರ ಕೊಡೂದಿಲ್ಲ ಅಂತ ನಿಮ್ಮಪ್ಪ ಗಟ್ಟಿ ಮಾಡ್ಯಾರ. ಐತವಾರ ನಿಮ್ಮಣ್ಣ ಗಾಡಿ ತಗೊಂಡು ಬರ್ತಾನ, ಬಟ್ಟಿ ತಯಾರ ಮಾಡಿಟಗೊ." ಅತ್ತೆ, ಮೈದುನ, ಪಕ್ಕದ ಮನೆಯವರು ಎಲ್ಲ ಕೂತಿದ್ದರು.

ಯಂತ್ರದ ಮಟ್ಟಿಗೆ ಇಲ್ಲಿ ಏನೂ ಕೆಟ್ಟಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹಾಡು ಕೇಳಲೆಂದು ಗಂಡ ಆಕೆಯ ಫೋನನ್ನು ಆ ಸ್ಪೀಕರಿಗೆ ಜೋಡಿ ಮಾಡಿದ್ದ. ಸ್ಪೀಕರ್ ಚಾಲೂ ಆದೊಡನೆ ಹಳೆಯ ಕೀಲಿ ನೆನಪಾಗಿ ಮಾಳಿಗೆಯ ಮೇಲಿದ್ದ ಫೋನಿಗೆ ಕೂಡಿಕೊಂಡಿತು. ಕೂಡಿಕೊಂಡ ಮೇಲೆ ಕರೆಯ ಧ್ವನಿ ಸ್ಪೀಕರಿಗೆ ಹೋಗುತ್ತದೆ, ಮೈಕೂ ಸ್ಪೀಕರಿನದೇ. ಅದಕ್ಕೇ ಆಕೆಯ ಕಿವಿಗೆ ಏನೂ ಇಲ್ಲ. ಆ ಐತವಾರ ಅಣ್ಣ ಬಂದಾಗ ಬಾಗಿಲು ತೆರೆಯಲಿಲ್ಲ, ಮೂರು ತಿಂಗಳು ಆಕೆಯ ಕೈಗೆ ಫೋನೂ ಸಿಗಲಿಲ್ಲ. ಈಗ ಆಕೆ ತವರಿನಲ್ಲಿದ್ದಾಳೆ, ಪ್ರಕರಣ ನಡೆದಿದೆ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಬ್ಲೂಟೂತ್ ಕಟ್ಟಿದ ಇಂಜಿನಿಯರರು ಹೊರಗಿನ ಕಳ್ಳನ ಬಗ್ಗೆ ಇಪ್ಪತ್ತೈದು ವರ್ಷ ತಲೆ ಕೆಡಿಸಿಕೊಂಡಿದ್ದಾರೆ. ಅವರ ಎಲ್ಲ ಲೆಕ್ಕದ ಅಡಿಯಲ್ಲಿ ಒಂದು ನಂಬಿಕೆ ಇದೆ. ಫೋನನ್ನು ಕೈಯಲ್ಲಿ ಹಿಡಿದು ಓಕೆ ಒತ್ತಿದವರೇ ಅದರ ಒಡೆಯರು ಎಂಬುದು ಆ ನಂಬಿಕೆ. ಅದು ನಮ್ಮ ಮನೆಗಳಿಗೆ ಹೊಂದುವುದಿಲ್ಲ. ಇಲ್ಲಿ ಫೋನು ಹೆಂಡತಿಯದು, ಲಾಕ್ ನಂಬರು ಗಂಡನಿಗೂ ಗೊತ್ತು, ಗೊತ್ತಿರದಿದ್ದರೆ "ಏನು ಮುಚ್ಚಿಡತಿ?" ಎಂಬ ಜಗಳ. ಆಕೆ ಸ್ನಾನಕ್ಕೆ ಹೋದ ಹತ್ತು ನಿಮಿಷ ಸಾಕು. ಆರಂಕಿ ಪರದೆಯ ಮೇಲೆ ಬರುತ್ತದೆ, ಎರಡೂ ಕಡೆ ಸರಿ ಒತ್ತುವವನು ಒಬ್ಬನೇ. ಗಣಿತದ ಪ್ರಕಾರ ಜೋಡಣೆ ಭದ್ರವಾಗಿದೆ! ಆಕೆಗೆ ಮಾತ್ರ ಭದ್ರತೆ ಇಲ್ಲ.

ಹೀಗೆ ಜೋಡಿಯಾದದ್ದು ಏನೇನು ಮಾಡುತ್ತದೆ? ಕೈಗಡಿಯಾರ ಒಂದಕ್ಕೆ ಫೋನು ಜೋಡಿಸಿದರೆ, ಬಂದ ಮೆಸೇಜು, ಕರೆ ಮಾಡಿದವರ ಹೆಸರು, ಬ್ಯಾಂಕಿನ ಓಟಿಪಿ ಎಲ್ಲ ಆ ಗಡಿಯಾರದ ಮೇಲೆ ಮೂಡುತ್ತವೆ. ಗಡಿಯಾರ ಕಟ್ಟಿಕೊಂಡವರು ಓದುತ್ತಾರೆ. ಗೃಹಲಕ್ಷ್ಮಿಯ ಎರಡು ಸಾವಿರ ನಿಮ್ಮ ಖಾತೆಗೇ ಬರಬಹುದು, ಬಂದ ಸುದ್ದಿ ನಿಮಗಿಂತ ಮೊದಲು ಬೇರೆ ಮುಂಗೈಗೆ ತಿಳಿಯುತ್ತದೆ. ಕಾರಿಗೆ ಜೋಡಿಸಿದರೆ ನಿಮ್ಮ ಫೋನಿನ ಹೆಸರುಗಳ ಪಟ್ಟಿ, ಯಾರಿಗೆ ಎಷ್ಟು ಹೊತ್ತಿಗೆ ಕರೆ ಮಾಡಿದಿರಿ ಎಂಬ ಪಟ್ಟಿ ಕಾರಿನ ಪರದೆಗೆ ನಕಲಾಗುತ್ತದೆ. ವಕೀಲರಿಗೆ ಮಾಡಿದ್ದೂ ಅಲ್ಲೇ, ನಮ್ಮ ಸಂಘಕ್ಕೆ ಮಾಡಿದ್ದೂ ಅಲ್ಲೇ. ಆಂಡ್ರಾಯ್ಡಿನಲ್ಲಿ ನಂಬಿಕೆಯ ಸಾಧನ ಎಂಬ ಒಂದು ಸೌಲಭ್ಯವೂ ಇದೆ. ಗಂಡನ ಗಡಿಯಾರವನ್ನು ಹಾಗೆ ದಾಖಲಿಸಿದರೆ, ಅದು ಹತ್ತಿರ ಇರುವಾಗ ನಿಮ್ಮ ಫೋನಿನ ಬೀಗ ತೆರೆದೇ ಉಳಿಯುವಂತೆ ಮಾಡಬಹುದು.

ಆಮೇಲೆ ಟ್ರ್ಯಾಕರುಗಳು. ಆಪಲ್ ಕಂಪನಿಯ ಏರ್‌ಟ್ಯಾಗ್ ೨೦೨೧ರಲ್ಲಿ ಬಂತು, ಈಗ ಬೇರೆ ಕಂಪನಿಗಳವೂ ಇವೆ. ದೊಡ್ಡ ಗುಂಡಿಯಷ್ಟು ಗಾತ್ರ, ಒಳಗೆ ನಾಣ್ಯದಂಥ ಒಂದು ಬ್ಯಾಟರಿ, ವರ್ಷದಷ್ಟು ನಡೆಯುತ್ತದೆ. ಕಳೆದ ಕೀಲಿ ಕೈ ಹುಡುಕಲು ಮಾಡಿದ್ದು. ಅದರಲ್ಲಿ ಸಿಮ್ ಇಲ್ಲ. ಬ್ಲೂಟೂತ್‌ನಲ್ಲಿ ನಾನಿಲ್ಲಿದ್ದೇನೆ ಎಂದು ಕೂಗುತ್ತಿರುತ್ತದೆ, ದಾರಿಯಲ್ಲಿ ಹೋಗುವ ಯಾರದೋ ಫೋನು ಅದನ್ನು ಕೇಳಿ ತನಗೇ ಗೊತ್ತಿಲ್ಲದಂತೆ ಒಡೆಯನಿಗೆ ಸುದ್ದಿ ಮುಟ್ಟಿಸುತ್ತದೆ. ಸ್ಕೂಟಿಯ ಸೀಟಿನ ಕೆಳಗೆ, ಮಗುವಿನ ಪಾಟೀಚೀಲದಲ್ಲಿ, ವ್ಯಾನಿಟಿ ಬ್ಯಾಗಿನ ಅಸ್ತರಿನೊಳಗೆ ಇಟ್ಟರೆ ಮನೆ ಬಿಟ್ಟು ಬಂದವಳು ಎಲ್ಲಿ ಆಸರೆ ಪಡೆದಿದ್ದಾಳೆ ಎಂಬುದು ಅವನಿಗೆ ಗೊತ್ತಾಗುತ್ತದೆ. ಜಗತ್ತಿನಾದ್ಯಂತ ಹೆಂಗಸರು ಗಲಾಟೆ ಮಾಡಿದ ಮೇಲೆ ಆಪಲ್ ಮತ್ತು ಗೂಗಲ್ ಕೂಡಿ ಒಂದು ಕ್ರಮ ತಂದವು. ೨೦೨೪ರ ಮೇ ತಿಂಗಳಿಂದ, ಗೊತ್ತಿಲ್ಲದ ಟ್ರ್ಯಾಕರ್ ನಿಮ್ಮ ಜೊತೆ ಸಾಗುತ್ತಿದ್ದರೆ ಐಫೋನೂ, ಆಂಡ್ರಾಯ್ಡ್ ೬ರ ನಂತರದ ಫೋನುಗಳೂ ಎಚ್ಚರಿಕೆ ಕೊಡುತ್ತವೆ. ಬಟನ್ ಫೋನಿಗೆ ಈ ಎಚ್ಚರಿಕೆ ಬರುವುದಿಲ್ಲ. ಬಟನ್ ಫೋನ್ ಇರುವವಳ ಚೀಲವನ್ನು ಸ್ಮಾರ್ಟ್ ಫೋನ್ ಇರುವ ಗೆಳತಿ ತಪಾಸಣೆ ಮಾಡಬೇಕಾಗುತ್ತದೆ. ಇನ್ನೊಂದು. ನಾನು ಆಗಲೇ ಹೇಳಿದ ವಿಸ್ಪರ್‌ಪೇರ್ ದೋಷದಲ್ಲಿ ಎಚ್ಚರಿಕೆ ಬಂದರೂ ಪರದೆಯ ಮೇಲೆ ಕಾಣುವುದು ನಿಮ್ಮದೇ ಇಯರ್‌ಫೋನಿನ ಹೆಸರು. ನಿಮ್ಮದೇ ಸಾಮಾನು ನಿಮ್ಮನ್ನು ಹಿಂಬಾಲಿಸುತ್ತಿದೆ ಎಂದು ಬಂದರೆ ಫೋನು ತಪ್ಪು ಹೇಳುತ್ತಿದೆ ಎಂದು ಅಳಿಸಿಬಿಡಬೇಡಿ.

ಈಗ, ಏನು ಮಾಡಬೇಕು? ಬ್ಲೂಟೂತ್ ಗುರುತಿನ ಮೇಲೆ ಬೆರಳು ಒತ್ತಿ ಹಿಡಿದರೆ ಫೋನು ಯಾವ ಯಾವ ಸಾಧನಗಳ ಜೊತೆ ಜೋಡಿಯಾಗಿದೆ ಎಂಬ ಪಟ್ಟಿ ತೆರೆಯುತ್ತದೆ. ಪ್ರತಿ ಹೆಸರಿನ ಪಕ್ಕದ ಚಕ್ರದಂಥ ಗುರುತು ಒತ್ತಿದರೆ ಆ ಸಾಧನಕ್ಕೆ ಕರೆ, ಹೆಸರುಗಳ ಪಟ್ಟಿ, ಮೆಸೇಜು ಯಾವುದಕ್ಕೆ ಅನುಮತಿ ಇದೆ ಎಂದು ಕಾಣುತ್ತದೆ. ಬೇಡವಾದದ್ದನ್ನು ಅಲ್ಲೇ ಆಫ್ ಮಾಡಬಹುದು. ಆ ಸ್ಪೀಕರಿಗೆ ಹಾಡಿಗೆ ಮಾತ್ರ ಅನುಮತಿ ಇಟ್ಟು ಕರೆಯದನ್ನು ತೆಗೆದಿದ್ದರೆ ಆ ಹುಡುಗಿಯ ಮಾತು ಪಡಸಾಲೆಗೆ ಹೋಗುತ್ತಿರಲಿಲ್ಲ. ಪೂರ್ತಿ ಸಂಬಂಧ ಕಡಿಯಬೇಕೆಂದರೆ ಫರ್ಗೆಟ್ ಅಥವಾ ಅನ್‌ಪೇರ್ ಎಂಬುದನ್ನು ಒತ್ತಬೇಕು. ಬ್ಲೂಟೂತ್ ಸುಮ್ಮನೆ ಆಫ್ ಮಾಡಿ ಆನ್ ಮಾಡಿದರೆ ಜೋಡಿ ಹೋಗುವುದಿಲ್ಲ, ಕೀಲಿ ಒಳಗೇ ಇರುತ್ತದೆ. ತವರಿಗೆ ಮುಖ್ಯವಾದ ಮಾತು ಆಡುವ ಮುಂಚೆ ಬ್ಲೂಟೂತ್ ಆಫ್ ಮಾಡಿ, ಆಮೇಲೆ ನಂಬರು ಒತ್ತಿ.

ಆದರೆ ಒಂದು ಮಾತು, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಹೊಡೆಯುವ ಗಂಡನ ಮನೆಯಲ್ಲಿ ಇನ್ನೂ ಇರುವವರು ಪಟ್ಟಿಯಲ್ಲಿ ಅವನ ಗಡಿಯಾರ ಕಂಡ ಕೂಡಲೇ ಅಳಿಸಬೇಡಿ. ಟ್ರ್ಯಾಕರ್ ಸಿಕ್ಕ ಕೂಡಲೇ ಬ್ಯಾಟರಿ ಕಿತ್ತು ಎಸೆಯಬೇಡಿ. ಸಂಪರ್ಕ ತಪ್ಪಿದ್ದು ಅವನಿಗೆ ಗೊತ್ತಾಗುತ್ತದೆ, ನಿಮಗೆ ಗೊತ್ತಾಗಿದೆ ಎಂಬುದೂ ಗೊತ್ತಾಗುತ್ತದೆ. ಆ ರಾತ್ರಿ ಏನಾಗಬಹುದು ಎಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಫೋನುಗಳ ಬಗ್ಗೆ ಬರೆಯುವ ಸುರಕ್ಷಾ ತಜ್ಞರು ತಕ್ಷಣ ತೆಗೆದುಹಾಕಿ ಎಂದಷ್ಟೇ ಬರೆದುಬಿಡುತ್ತಾರೆ, ಅವರಿಗೆ ಈ ಮನೆಗಳು ಗೊತ್ತಿಲ್ಲ. ಮೊದಲು ಸಂಘದ ಗೆಳತಿಗೆ ತಿಳಿಸಿ, ಅದೂ ನಿಮ್ಮ ಫೋನಿನಿಂದಲ್ಲ, ಬೇರೆಯವರ ಫೋನಿನಿಂದ. ಆಕೆಯ ಫೋನಿನಲ್ಲಿ ನಿಮ್ಮ ಪರದೆಯ ಫೋಟೋ ತೆಗೆಸಿ, ದಿನಾಂಕ, ಹೊತ್ತು ಬರೆದಿಡಿ. ಏರ್‌ಟ್ಯಾಗ್ ಸಿಕ್ಕರೆ ಎನ್‌ಎಫ್‌ಸಿ ಇರುವ ಫೋನನ್ನು ಅದರ ಬಿಳಿ ಬದಿಗೆ ತಾಗಿಸಿದರೆ ಅದರ ಸೀರಿಯಲ್ ನಂಬರ್ ಬರುತ್ತದೆ. ಅದನ್ನು ಬರೆದುಕೊಳ್ಳಿ. ಆ ನಂಬರು ಯಾರ ಖಾತೆಯದು ಎಂದು ಪೊಲೀಸರು ಕಂಪನಿಯಿಂದ ಕೇಳಿ ಪಡೆಯಬಹುದು. ತೆಗೆಯುವುದು ಯಾವಾಗ ಎಂಬುದನ್ನು ನೀವು ಸುರಕ್ಷಿತ ಜಾಗದಲ್ಲಿರುವಾಗ ನಿರ್ಧರಿಸಿ.

ಕಾನೂನಿನ ಮಾತು ಚುಟುಕಾಗಿ. ಹೆಂಗಸಿನ ಇಂಟರ್ನೆಟ್, ಇಮೇಲ್ ಅಥವಾ ಬೇರೆ ಯಾವುದೇ ವಿದ್ಯುನ್ಮಾನ ಸಂಪರ್ಕದ ಮೇಲೆ ಕಣ್ಣಿಡುವುದು ಹಿಂಬಾಲಿಸುವ ಅಪರಾಧ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೭೮ನೇ ಕಲಂ ಅದು. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ಹಳೆಯ ೪೯೮ಎ ಈಗ ಅದೇ ಸಂಹಿತೆಯ ೮೫ನೇ ಕಲಂ ಆಗಿದೆ. ೨೦೦೫ರ ಕೌಟುಂಬಿಕ ಹಿಂಸೆ ಕಾಯಿದೆಯಲ್ಲಿ ಮಾನಸಿಕ ಹಿಂಸೆ, ಆರ್ಥಿಕ ಹಿಂಸೆ ಎರಡೂ ಸೇರಿವೆ. ಆ ಕಾಯಿದೆಯ ೧೮ನೇ ಕಲಮಿನ ರಕ್ಷಣಾ ಆದೇಶದಲ್ಲಿ ಮ್ಯಾಜಿಸ್ಟ್ರೇಟರು ಫೋನು, ವಿದ್ಯುನ್ಮಾನ ಸಂಪರ್ಕವನ್ನೂ ತಡೆಯಬಹುದು. ಅರ್ಜಿ ಬರೆಸುವಾಗ "ನನ್ನ ಫೋನಿಗೆ ಜೋಡಿಸಿಕೊಂಡ ಸಾಧನಗಳನ್ನು ಬಿಡಿಸಬೇಕು" ಎಂದು ಬಿಡಿಸಿ ಬರೆಸಿ, ವಕೀಲರಿಗೆ ತಾನಾಗಿ ಹೊಳೆಯದಿರಬಹುದು. ಇದರ ಜೊತೆಗೆ ೨೦೨೫ರ ಜುಲೈ ೧೪ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ ಕೊಟ್ಟ ತೀರ್ಪು ನಿಮಗೆ ಗೊತ್ತಿರಲಿ. ಗಂಡ-ಹೆಂಡತಿ ನಡುವಿನ ಮಾತನ್ನು ಒಬ್ಬರು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೆ ವಿಚ್ಛೇದನದಂಥ ದಾವೆಯಲ್ಲಿ ಅದನ್ನು ಸಾಕ್ಷಿಯಾಗಿ ತರಬಹುದು ಎಂದು ಅದು ಹೇಳಿದೆ. ಇದು ಎರಡು ಅಲಗಿನ ಕತ್ತಿ. ಬೈಗುಳ ತಿಂದವಳು ಅದನ್ನೇ ಸಾಕ್ಷಿ ಮಾಡಬಹುದು. ಆದರೆ ರೆಕಾರ್ಡ್ ಮಾಡಲು ಪುರುಸೊತ್ತು, ಫೋನಿನ ಜ್ಞಾನ, ಹೊಸ ಫೋನು ಇರುವುದು ಯಾರ ಹತ್ತಿರ ಎಂದೂ ಯೋಚಿಸಿ.

ದೂರಿಗೆ ಮಹಿಳಾ ಸಹಾಯವಾಣಿ ೧೮೧, ದುಡ್ಡು ಹೋಗಿದ್ದರೆ ಸೈಬರ್ ಸಹಾಯವಾಣಿ ೧೯೩೦, ಜೀವಕ್ಕೆ ಅಪಾಯವಿದ್ದರೆ ೧೧೨. ಈ ಮೂರು ನಂಬರನ್ನು ಫೋನಿನಲ್ಲಿ ಸೇವ್ ಮ���ಡಬೇಡಿ, ಬಾಯಿಪಾಠ ಮಾಡಿಕೊಳ್ಳಿ. ಪಟ್ಟಿ ನಕಲಾಗುತ್ತದೆ ಎಂದು ಆಗಲೇ ಹೇಳಿದೆನಲ್ಲ.

ಈಗ ಚಹಾ ಬರುವುದರೊಳಗೆ ಎಲ್ಲರೂ ಫೋನು ಹೊರಗೆ ತೆಗೆಯಿರಿ. ಸ್ಮಾರ್ಟ್ ಫೋನ್ ಇಲ್ಲದವರು ಪಕ್ಕದವರ ಫೋನು ನೋಡಿ ಕಲಿತುಕೊಳ್ಳಿ. ಬ್ಲೂಟೂತ್ ಪಟ್ಟಿ ತೆರೆದು ಒಂದೊಂದೇ ಹೆಸರು ಓದಿ. ಇದು ಯಾವುದು, ಯಾವಾಗ ಜೋಡಿಸಿದ್ದು, ಜೋಡಿಸಿದವರು ಯಾರು ಎಂದು ನಿಮ್ಮಷ್ಟಕ್ಕೆ ಕೇಳಿಕೊಳ್ಳಿ. ಗೊತ್ತಿಲ್ಲದ ಹೆಸರು ಕಂಡವರು ಏನೂ ಒತ್ತದೆ ಫೋನು ಮುಚ್ಚಿಟ್ಟು ಆ ಕಿಟಕಿಯ ಹತ್ತಿರ ನನ್ನ ಕಡೆ ಬನ್ನಿ. ಎಲ್ಲರ ಮುಂದೆ ಹೇಳಬೇಕಾಗಿಲ್ಲ.